ಗಟ್ಟಿ ಗೋಡೆ ಎಂದು ಬರೆದ ಬಂಗಲೆ

ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿನ ಕಡೆಗೆ ಹೋಗುವಾಗ ಸಿಗುವ ಕಲ್ಲುಬಂಗಲೆಯ ಮುಂದೆ ಈಗ ಸರ್ಕಾರದ ಹಲಗೆಯಿದೆ: ಸಂರಕ್ಷಿತ ಕಟ್ಟಡ. ವಿಕ್ಟೋರಿಯಾ ರಾಣಿಯ ಕಾಲದ್ದು, ಚೂಪು ಕಮಾನಿನ ಕಿಟಕಿಗಳು, ಕಡಿದಾದ ಹೆಂಚಿನ ಮಾಡು, ಗೋಡೆಗಳೆಲ್ಲ ಗಟ್ಟಿ ಎನ್ನುತ್ತದೆ ದಾಖಲೆ. ಕೊನೆಯ ಮಾತು ನಾನು ಬರೆದದ್ದು. ಅದು ಪೂರಾ ನಿಜವಲ್ಲ.

ಐವತ್ತರ ದಶಕದ ಮಾತು. ನಮ್ಮದು ತೆರಕಣಾಂಬಿಯ ಕಲ್ಲುಕೆಲಸದ ಮನೆತನ. ಶಾಲೆಯ ಮೆಟ್ಟಿಲು ಕಟ್ಟಿದವರಿದ್ದರು, ಹತ್ತಿದವರಿರಲಿಲ್ಲ. ಹಾಸ್ಟೆಲಿನ ಮುದ್ದೆ ತಿಂದು ಬಿ.ಎ. ಮಾಡಿ ನಾನು ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತನಾದೆ. ಒಬ್ಬನೇ ಮಾಡಿದ ಮೊದಲ ಕೆಲಸ ಆ ಬಂಗಲೆಯ ಅಳತೆ. ಗೋಡೆ ಗಟ್ಟಿಯಿದ್ದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಕೆಡವಿ ಕಲ್ಲನ್ನು ಸೇತುವೆಗೆ ಒಯ್ಯುತ್ತಾರೆ.

ಬಂಗಲೆ ಕಾಯುತ್ತಿದ್ದ ಮುದುಕ ಸಾಬರು ಬಾಗಿಲು ತೆಗೆದು ತಾವು ಹೊರಗೇ ನಿಂತರು. "ಮದ್ಯಾನ ಆದ್ಮೇಲೆ ಊಟದ ಕೋಣೇಲಿ ಇರಬ್ಯಾಡಿ ಬುದ್ಧಿ. ಗೋಡೆ ಒಳಗೆ ಯಾರೋ ಟಕ್ ಟಕ್ ಅಂತಾರೆ."

ನಕ್ಕೆ. ಪದವೀಧರನಲ್ಲವೇ! ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹಗಲಲ್ಲೇ ಕಿಟಕಿಗಳನ್ನು ಮುಚ್ಚಿತ್ತು. ಟೇಪು ಹಿಡಿದು ಒಳಗೂ ಹೊರಗೂ ಅಳೆದೆ. ಉಳಿದ ಗೋಡೆಗಳೆಲ್ಲ ಎರಡಡಿ ದಪ್ಪ. ಊಟದ ಕೋಣೆಯ ಗೋಡೆ ಮಾತ್ರ ನಾಲ್ಕಡಿ ಬಂತು. ಮೂರು ಸಲ ಅಳೆದರೂ ಅಷ್ಟೇ. ನಡುವೆ ಟೊಳ್ಳಿರಬೇಕು ಎಂದು ಲೆಕ್ಕ ಹಾಕಿ ಹಾಗೇ ಬರೆದುಕೊಂಡೆ. ಜಾಣತನವೆಂದುಕೊಂಡಿದ್ದೆ.

ಮನೆಯಲ್ಲಿ ಹೇಳಿದಾಗ ಅಪ್ಪ ಎಲೆಅಡಿಕೆ ಉಗಿದು ಬಂದ. "ದೊರೆಗಳು ಚಳಿ ಕಾಯ್ಸೋ ಒಲೆಗೂಡಿನ ಗೋಡೆ ಕಣ್ಲಾ ಅದು. ಎರಡು ವರಸೆ ಕಟ್ಟಿ ಮಧ್ಯೆ ಜಲ್ಲಿಗಾರೆ ತುಂಬೋರು. ಬಡಿದು ನೋಡ್ದೇನ್ಲಾ?"

"ಇಲ್ಲ."

"ಬಿ.ಎ. ಓದ್ಬುಟ್ಟು ಗೋಡೇನ ಮಾತಾಡ್ಸೋದು ಕಲೀನಿಲ್ವಲ್ಲೋ!"

ಆಮೇಲೆ ನನಗೆ ಅದುವರೆಗೆ ಹೇಳದ್ದನ್ನು ಹೇಳಿದ. ತಾತ ಸತ್ತದ್ದು ಆ ಬಂಗಲೆ ಕಟ್ಟುವಾಗ, ಮರದ ಸಾರುವೆಯಿಂದ ಬಿದ್ದು. ಅಪ್ಪ ಆಗ ಅಜ್ಜಿಯ ಹೊಟ್ಟೆಯಲ್ಲಿದ್ದ. ಕೆಲಸದ ಮೇಲೆ ಸತ್ತವನ ಉಳಿ ಸುತ್ತಿಗೆ ಮನೆಗೆ ಬರಕೂಡದು ಎಂಬುದು ನಮ್ಮವರ ಕಟ್ಟಳೆ. ಏಳುತ್ತಿರುವ ಗೋಡೆಯಲ್ಲೇ ಅವನ್ನು ಇಟ್ಟು ಮುಚ್ಚಬೇಕು. ಇಟ್ಟರೆ ಅವನು ಅಲ್ಲೇ ಇರುತ್ತಾನೆ, ಇಲ್ಲದಿದ್ದರೆ ಉಳಿ ಹುಡುಕಿಕೊಂಡು ಮನೆಗೆ ಬರುತ್ತಾನೆ.

"ಆ ಗೋಡೆ ಬಿಚ್ಚುದ್ರೆ ನಮ್ಮಪ್ಪ ಎಲ್ಗೋದಾನು?" ಎಂದ. ಮುಖ ನನ್ನ ಕಡೆ ತಿರುಗಿಸಲಿಲ್ಲ.

ಮರುದಿನ ಅವನನ್ನೂ ಕರೆದುಕೊಂಡು ಹೋದೆ. ಆ ಮನೆಯ ದುರಸ್ತಿಗೆ ಸುಣ್ಣ, ಕಲ್ಲು ಹೊತ್ತಾಗಲೆಲ್ಲ ಹಿತ್ತಿಲಿಂದಲೇ ಹೋಗಿದ್ದ ಅಪ್ಪ ಅಂದು ಮುಂಬಾಗಿಲಲ್ಲಿ ಮೆಟ್ಟು ಕಳಚಿಟ್ಟು ಒಳಗೆ ಬಂದ. ಸಣ್ಣ ಸುತ್ತಿಗೆಯಿಂದ ಗೋಡೆಯನ್ನು ಗೇಣುಗೇಣಿಗೂ ಬಡಿದ. ಎಲ್ಲ ಕಡೆಯೂ ಭಾರವಾದ, ತುಂಬಿದ ಸದ್ದು. ನನ್ನ ಟೊಳ್ಳು ಸುಳ್ಳಾಯಿತು. ಎದೆಯ ಎತ್ತರದಲ್ಲಿ ಒಂದೇ ಒಂದು ಕಲ್ಲು ಬೇರೆ ಥರ ನುಡಿಯಿತು, ಖಾಲಿ ಮಡಕೆಯ ಹಾಗೆ. ಅಪ್ಪ ನಿಂತ. ಇನ್ನೊಂದು ಸಲ ಬಡಿಯಲಿಲ್ಲ. ಅಂಗೈ ಅದರ ಮೇಲಿಟ್ಟ.

"ಇದ ಬರೀಬ್ಯಾಡ."

ಒಂದು ಗೇಣು ಟೊಳ್ಳಿಗೆ ಗೋಡೆ ಬೀಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಬರೆದರೆ ಮೇಲಿನವರು ತೆಗೆಸಿ ನೋಡದೆ ಬಿಡುವವರಲ್ಲ. ಹಿಂದಿನ ದಿನದ ಸಾಲು ಹೊಡೆದುಹಾಕಿದೆ.

ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಅಪ್ಪ ಜಗುಲಿಗೆ ಬಂದು ಮೆಟ್ಟು ಹಾಕಿಕೊಳ್ಳುತ್ತಿದ್ದ. ನಾನೂ ಹೊರಬಂದ ಮೇಲೆ ಸಾಬರು ಬಾಗಿಲು ಮುಚ್ಚಿದರು. ಒಳಗೆ ಯಾರೂ ಇರಲಿಲ್ಲ. ಊಟದ ಕೋಣೆಯ ಕಡೆಯಿಂದ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು, ಇನ್ನೊಂದು.

ಸಾಬರು ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಸುತ್ತಿಗೆ ನೋಡಿದೆ.

ಅಪ್ಪ ತಲೆಯೆತ್ತದೆ ಕೇಳಿದ, "ಏನಂತ ಬರ್ಕೊಂಡ್ಲಾ?"

"ಗಟ್ಟಿ ಗೋಡೆ ಅಂತ."

"ಹೂಂ. ನಡಿ, ಓಗನ."