ಹೇಳದೆ ಪ್ಲಗ್ ಕೀಳೂದು

ಕರೆಂಟಿಗೆ ನಾನು ಅಂಜತೀನಿ. ನನ್ನ ಮೈದುನ ಹಸಿ ಕೈಲೆ ಹೊಲದಾಗಿನ ಮೋಟರಿನ ಸ್ಟಾರ್ಟರ್ ಮುಟ್ಟಿ ಸತ್ತ ದಿನದಿಂದ, ಮನಿಯ ಲೈಟಿನ ಸ್ವಿಚ್ಚನ್ನೂ ಸೆರಗಿನ ತುದಿಲೆ ಒತ್ತತೀನಿ. ಇಂಥಾಕಿಗೆ ಮೊಮ್ಮಗಳು ಹೋದ ಮಳೆಗಾಲದಾಗ ಪ್ಲಗ್ ಕೀಳೂ ಕೆಲಸ ಹಚ್ಚಿದಳು.

ಆಕಿ ಕಂಪ್ಯೂಟರಿನಾಗ ಎಂ.ಟೆಕ್ ಓದತಾಳ. ಮುಂಜಾನೆ ನಮ್ಮೂರು ಸಂಶಿಯಿಂದ ಬಸ್ ಹಿಡದು ಹುಬ್ಬಳ್ಳಿಗೆ ಹೋದರ ದೀಪ ಹಚ್ಚೂ ಹೊತ್ತಿಗೆ ಬರೂದು. ಬಿ.ಇ. ಓದೂಮುಂದ ನಕ್ಕೋತ ಹೋಗಿ ನಕ್ಕೋತ ಬರತಿದ್ದಳು. ಎಂ.ಟೆಕ್ ಒಳಗ ಆಪರೇಟಿಂಗ್ ಸಿಸ್ಟಮ್ ಅನ್ನೂ ವಿಷಯ ಶುರು ಆತು, ಊಟ ಬಿಟ್ಟಳು.

"ಹಂಗಂದ್ರೇನಲೇ?" ಅಂತ ಕೇಳಿದೆ.

"ಕಂಪ್ಯೂಟರಿನ ಒಳಗ ಎಲ್ಲಾ ಕೆಲಸಕ್ಕ ಪಾಳಿ ಹಚ್ಚೂದು, ಜಾಗಾ ಕೊಡೂದು, ಜಗಳ ಬಿಡಿಸೂದು ಒಂದೈತಿ ಆಯಿ. ಹೊರಗ ಕಾಣಂಗಿಲ್ಲ."

"ಅದನ್ನ ಬಿ.ಇ. ಒಳಗ ಕಲ್ತಿದ್ದಿಯಲ್ಲಾ?"

"ಅಲ್ಲಿ ಅದು ಹೆಂಗ ನಡೀತೈತಿ ಅಂತ ಓದಿದ್ವಿ. ಇಲ್ಲಿ ನಾವ ಕಟ್ಟಬೇಕು."

ವಾರಾ ವಾರಾ ಇಂಗ್ಲೀಷಿನ ಉದ್ದುದ್ದ ಬರಹ ಓದಿಕೊಂಡು ಹೋಗಬೇಕಂತ. ಮಾಸ್ತರರು ಯಾರನ್ನರ ಎಬ್ಬಿಸಿ, ಇದರಾಗ ತಪ್ಪೇನೈತಿ ಹೇಳು ಅಂತಾರಂತ. ಎಲ್ಲಾ ಚಲೋ ಐತ್ರಿ ಅಂದ್ರ ಕುಂಡ್ರಸಂಗಿಲ್ಲಂತ. ಕೆಲವರು ಆಗಲೇ ಬ್ಯಾರೆ ವಿಷಯ ತಗೊಂಡು ಪಾರಾಗಿದ್ದರು. ಕಡೀ ಪರೀಕ್ಷಿ ಇನ್ನೂ ಕೆಟ್ಟದ್ದು. ಬರದದ್ದನ್ನ ಕಂಪ್ಯೂಟರಿನ ಒಳಗ ಜ್ವಾಕಿ ಮಾಡಿ ಇಡೂ ಭಾಗ ಹುಡುಗರು ತಾವ ಕಟ್ಟಬೇಕು. ಅದು ನಡದಾಗ ಮಾಸ್ತರರು ಹೇಳದೆ ಪ್ಲಗ್ ಕೀಳತಾರ. ಮತ್ತ ಚಾಲೂ ಮಾಡಿದಾಗ ಬರದದ್ದು ಕೆಟ್ಟಿದ್ದರ ನಪಾಸು.

"ಅಂವಗ ತಲಿ ಕೆಟ್ಟೈತೇನು, ನಡಿಯೂದನ್ನ ಯಾಕ ಕೀಳತಾನ?"

"ನಮ್ಮೂರಾಗ ಕರೆಂಟ್ ಹೇಳಿ ಹೋಗ್ತೈತೇನ್ ಬೇ?"

ನಾನು ಆಕಿ ಮುಂದ ರೊಟ್ಟಿ ತಾಟು ಸರಿಸಿದೆ.

"ಇದೊಂದು ಹೋತಂದ್ರ ಕಾಲೇಜ ಬಿಡ್ತೀನಿ," ಅಂದಳು. ಆಕಿ ಅಂದಂಗ ಮಾಡೂ ಹುಡುಗಿ. ಸಣ್ಣಾಕಿದ್ದಾಗ ಒಮ್ಮೆ ಹಾಲು ಒಲ್ಲೆ ಅಂದಾಕಿ ಇವತ್ತಿನತನಾ ಹಾಲು ಮುಟ್ಟಿಲ್ಲ.

ಮನ್ಯಾಗ ದಿನಾ ಹಂಗ ಕಿತ್ತು ನೋಡಬೇಕಂತ, ಆದರ ತಾನ ಕಿತ್ತರ ಯಾವಾಗಂತ ತನಗ ಮೊದಲ ಗೊತ್ತಾಗತೈತಿ. ಸಂಜಿಕ ಮಗಾ ಸೊಸಿ ಇನ್ನೂ ಹೊಲದಿಂದ ಬಂದಿರತಿರಲಿಲ್ಲ. ಉಳದಾಕಿ ನಾನು. ಅಡ್ಡಗ್ವಾಡಿ ಮಗ್ಗಲ ಹಳೇ ಕಂಪ್ಯೂಟರ್ ಇಟ್ಟುಕೊಂಡು ಆಕಿ ಟೈಪ್ ಮಾಡಕೋತ ಕುಂಡ್ರೂದು, ನಾನು ಆಕಿ ಬೆನ್ನ ಹಿಂದಿನಿಂದ ಹೇಳದೆ ಕೀಳೂದು. ಅದೂ ಮುಸ್ಸಂಜಿ, ಮನ್ಯಾಗ ಬೆಳಕು ಕಳೀಬಾರದ ಹೊತ್ತು. ದೇವರ ಮುಂದ ದೀಪ ಹಚ್ಚಿ, ಕೈ ಒರಸಿಕೊಂಡು, "ಶಿವಾ" ಅಂದು ಕಿತ್ತೆ. ಪರದೆ ಕರ್ರಗಾತು. ನಾನ ಏನೋ ಕೊಂದೆ ಅನಿಸಿತು. ಮತ್ತ ಹಚ್ಚಿದರ ಬರದದ್ದೆಲ್ಲಾ ಇತ್ತು. ಮರುದಿನಾ ಇತ್ತು. ದಿನಾ ಇತ್ತು. ಆಕಿ ರೊಟ್ಟಿ ಉಣ್ಣಾಕ ಹತ್ತಿದಳು.

ಒಂದಿನ ನನಗ ನೆಗಡಿ ಬಂದು ದನಿ ಬಿದ್ದಿತ್ತು. ಬಾಯಿ ತಗದರ ಗಾಳಿ ಅಷ್ಟ ಬರತಿತ್ತು. ಹಂಗ ಕಿತ್ತೆ. ಮತ್ತ ಹಚ್ಚಿದರ ಪರದೆ ತುಂಬ ಅರ್ಥಾಗದ ಗುರುತು, ಆಕಿ ಬರದದ್ದು ಒಂದೂ ಇಲ್ಲ. ಆಕಿ ನನ್ನ ಕಡೆ ತಿರುಗಿದಳು.

"ಆಯಿ, ಇವತ್ತ ನೀ ಶಿವಾ ಅನ್ನಲಿಲ್ಲ."

"ದನಿ ಎಲ್ಲೈತಿ?" ಅಂತ ಕೈಸನ್ನಿ ಮಾಡಿದೆ.

"ನೀ ಅಂದಕೂಡ್ಲೆ ನನ್ನ ಕೈಬಟ್ಟು ತಾನ ಸೇವ್ ಒತ್ತಿ ನಿಲ್ಲತಿತ್ತು. ಇಷ್ಟ ದಿನ ಪಾಸಾಗಿದ್ದು ನಾನಲ್ಲ, ನಿನ್ನ ಶಿವ."

ಆಕಿ ಮತ್ತ ಮೊದಲಿಂದ ಕಟ್ಟಾಕ ಹತ್ತಿದಳು. ನನಗ ಹೇಳಿದ್ದು ಒಂದ ಮಾತು: ಬಾಯಿ ಬಿಡಬ್ಯಾಡ. ದನಿ ತಿರುಗಿ ಬಂದಮ್ಯಾಲೆ ಅದು ಇನ್ನೂ ಕಷ್ಟ ಆತು. ಶಿವನ ಹೆಸರು ತಗೀಲಾರದ ಕರೆಂಟು ಮುಟ್ಟಿದಾಕಿ ಅಲ್ಲ ನಾನು. ಸೆರಗನ್ನ ಬಾಯಾಗ ಕಚ್ಚಿ ಹಿಡದು ಕೀಳತಿದ್ದೆ. ಕಂಪ್ಯೂಟರ್ ಒಮ್ಮೆ ಬರದದ್ದರ ಸಮೇತ ಏಳತಿತ್ತು, ಒಮ್ಮೆ ಬರದದ್ದು ಹೋಗತಿತ್ತು. ಹೋದಾಗ ಆಕಿ ಮಾರಿ ನೋಡಲಾರದ ಒಲಿ ಮುಂದ ಹೋಗಿ ಕುಂಡ್ರತಿದ್ದೆ.

ಕಡೀಕ ಒಂದು ಸಂಜಿ ಕಂಪ್ಯೂಟರ್ ಮತ್ತ ಎದ್ದಾಗ ಎಲ್ಲಾ ಇತ್ತು, ಕಡೀ ಸಾಲೊಂದಿರಲಿಲ್ಲ.

"ಒಂದು ಸಾಲು ಹೋತಲ್ಲ," ಅಂದೆ.

"ಹೋಗ್ಲಿ. ಅರ್ಧಾ ಬರದದ್ದು ಹೋದ್ರ ನಡೀತೈತಿ. ಮುಗಿಸಿಟ್ಟದ್ದು ಕೆಡಬಾರದು." ಆವತ್ತ ಎರಡ ರೊಟ್ಟಿ ಹೆಚ್ಚ ಉಂಡಳು.

ಪರೀಕ್ಷಿ ದಿನ ಮಧ್ಯಾಹ್ನದಿಂದ ಕಟ್ಟಿ ಮ್ಯಾಲ ಕೂತಿದ್ದೆ. ಬಸ್ ಬಂತು, ಇಳದಳು. ಮಾರಿ ನೋಡಿದರ ಏನೂ ತಿಳೀಲಿಲ್ಲ.

"ಕಿತ್ತರೇನು?"

"ಕಿತ್ತರು. ಎದ್ದಿತು. ಮತ್ತ ಕಿತ್ತರು. ಮತ್ತೂ ಎದ್ದಿತು."

ನಾನು ಕಟ್ಟಿ ಹಿಡಕೊಂಡು ಎದ್ದೆ. ಆಕಿ ಚೀಲ ನನ್ನ ಕೈಯಾಗ ಕೊಟ್ಟು, ಚಪ್ಪಲಿ ಬಿಡಕೋತ ಹೇಳಿದಳು: ಬರೂ ಸಲದ ವಿಷಯದಾಗ ಒಂದ ಕಂಪ್ಯೂಟರ್ ಅಲ್ಲಂತ, ನಾಕಾರು ಕೂಡಿ ಒಂದ ಕೆಲಸ ಮಾಡೂದಂತ, ನಡುವ ಯಾವುದರ ಒಂದರ ಪ್ಲಗ್ ಕೀಳೂದಂತ.

ಹೇಳಿ ನನ್ನ ಕೈ ನೋಡಿದಳು. ನಾನು ಚೀಲ ಕಟ್ಟಿ ಮ್ಯಾಲ ಇಟ್ಟು, ಕೈಯನ್ನ ಸೆರಗಿನಾಗ ಸುತ್ತಿ ಮುಚ್ಚಿಕೊಂಡೆ.