ಉಡಿ ತುಂಬಿದ ಮೇಲೂ

ಜೋಳ ಹಸನು ಮಾಡುತ್ತ ಕೂತಿದ್ದಾಗ ಬೆಂಗಳೂರಿನ ಮಧ್ಯಸ್ಥರ ಫೋನು ಬಂತು. "ಅಮ್ಮಾ, ಜಪಾನಿನವರು ಇನ್ನೂ ತೀರ್ಮಾನ ಮಾಡಿಲ್ಲ. ಹತ್ತು ಸಲ ಒಗೆದ ಒಂದು ಕೌದಿ ಕಳಿಸಬೇಕಂತೆ. ಅವರ ಆಫೀಸಿನ ಒಂಬತ್ತೂ ಜನ ನೋಡಿ ಒಪ್ಪಬೇಕಂತೆ."

ಕೌದಿಯ ಆರ್ಡರು ಗಟ್ಟಿಯಾಯಿತೆಂದು ಬೈಲಹೊಂಗಲದ ನಮ್ಮ ಓಣಿಗೆಲ್ಲ ಸಾರಿದವಳು ನಾನೇ. ನನ್ನ ಮಾತು ನಂಬಿ ನಾಲ್ವರು ಹೆಂಗಸರು ಬೇಸಿಗೆಯ ಶಾವಿಗೆ ಕೆಲಸ ಬಿಟ್ಟು ಕೌದಿ ಹೊಲಿಯಲು ಕೂತಿದ್ದರು.

ಯಾವ ಆಧಾರದ ಮೇಲೆ ಸಾರಿದೆ ಎಂದರೆ, ಹೇಳಲು ನಾಚಿಕೆ. ದೀಪಾವಳಿಯ ನಂತರ ಆ ಜಪಾನಿನ ಕಂಪನಿಯ ಹೆಣ್ಣುಮಗಳು ನಮ್ಮ ಮನೆಗೆ ಬಂದಿದ್ದಳು. ಹಳೆ ಸೀರೆಯ ತುಂಡು ಜೋಡಿಸಿದ ಕೌದಿಯ ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಸವರಿ ತಲೆಯಾಡಿಸಿದಳು. ಹೊರಡುವಾಗ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಉಡಿ ತುಂಬಿದೆ. ಎರಡೂ ಕೈಯಲ್ಲಿ ಹಿಡಿದು ಸೊಂಟ ಬಾಗಿಸಿದಳು. ನಮ್ಮಲ್ಲಿ ಹೆಣ್ಣು ನಿಶ್ಚಯವಾದ ಗುರುತೇ ಉಡಿ ತುಂಬುವುದು. ಇನ್ನೇನು ಮಾತು ಉಳಿಯಿತು ಎಂದುಕೊಂಡೆ.

"ಸೀರಿ ತುಂಡು ನೋಡಾಕ ಒಂಬತ್ತು ಮಂದಿ ಬೇಕೇನ?" ಎಂದು ಫೋನು ಇಟ್ಟು ಸಿಡುಕಿದೆ.

ನಾಲ್ವರಲ್ಲಿ ಒಬ್ಬಳಾದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಪಕ್ಕದಲ್ಲೇ ಹೊಲಿಯುತ್ತಿದ್ದವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಯಕ್ಕಾ, ನಿನ್ನ ಮಗಳ್ನ ಕೇಳಾಕ ಸವದತ್ತಿಯವರು ಬಂದಾಗ ನೀ ಏನ್ ಮಾಡಿದಿ? ಕಿತ್ತೂರ ಕಾಕಾನ್ನ ಕೇಳ್ಬೇಕ್ರಿ ಅಂದಿ. ಕಾಕಾ ಹೂಂ ಅಂದ. ರಾಮದುರ್ಗದ ಮಾವನ್ನ ಕೇಳ್ಬೇಕ್ರಿ ಅಂದಿ. ಅವನೂ ಹೂಂ ಅಂದ. ಕಡೀಕ ಬಸವಣ್ಣಗ ಹೂ ಹಚ್ಚಿ ಕೇಳಿದಿ. ಹೂ ಬಲಕ್ಕ ಬೀಳೂತನಕ ಮೂರು ಸ್ವಾಮವಾರ ಹೋದಿ!"

"ಅದು ಮಗಳ ಬಾಳೇದ ಮಾತು."

"ಅವರಿಗೂ ಏನರ ಇರ್ತೈತಿ ಬಿಡ. ಬ್ಯಾಡ ಅಂದಿಲ್ಲಲ್ಲ?"

ಅಂದಿರಲಿಲ್ಲ. ಸವದತ್ತಿಯ ಆ ಹುಡುಗನನ್ನು ನಾನೂ ಮೊದಲ ದಿನವೇ ಮನಸಿನೊಳಗೆ ಒಪ್ಪಿದ್ದೆ. ಲಗ್ನದ ದಿನ ಯಾರೂ ಮುಖ ಊದಿಸಬಾರದೆಂದು ಎಲ್ಲರನ್ನೂ ಕೇಳಿದ್ದು, ಅಷ್ಟೆ. ಸವದತ್ತಿಯವರು ಎಂಟು ತಿಂಗಳು ಕಾದರು, ಒಮ್ಮೆಯೂ ಸಿಡುಕಲಿಲ್ಲ. ನನಗೆ ಆರೇ ತಿಂಗಳಿಗೆ ಮೈ ಉರಿದಿತ್ತು.

ಉಳಿದ ಮೂವರ ಮನೆಗೂ ಹೋದೆ. "ತಪ್ಪು ನಂದ ಐತ್ರಿ. ಶಾವಗಿ ಕೆಲಸ ಮತ್ತ ಹಿಡೀರಿ. ಕೌದಿದು ಅವರು ಹೂಂ ಅಂದ ಮ್ಯಾಲ ನೋಡೂಣು."

"ಇನ್ನ ಮ್ಯಾಲ ಯಾರರ ಬಂದ್ರ ಚಾ ಅಷ್ಟ ಕುಡಿಸಿ ಕಳಸ್ರಿ, ಉಡಿ ತುಂಬಬ್ಯಾಡ್ರಿ," ಎಂದಳು ಒಬ್ಬಳು. ಬೈಯಲಿಲ್ಲ. ಶಾವಿಗೆ ಒಣಗಿಸಲು ಬಸವಣ್ಣ ಇನ್ನೂ ತಿಂಗಳ ಬಿಸಿಲು ಉಳಿಸಿದ್ದ. ಅದೂ ದೊಡ್ಡದೇ.

ಮನೆಗೆ ಬಂದು, ಇದ್ದುದರಲ್ಲಿ ಚೆಂದದ ಕೌದಿಯನ್ನು ನೆನೆಹಾಕಿ, ಸೆರಗು ಸಿಗಿಸಿ, ಒಗೆಯುವ ಕಲ್ಲಿನ ಮುಂದೆ ನಿಂತೆ. ಹತ್ತರಲ್ಲಿ ಒಂದನೆಯದು.