ಮಿಷಿನ್ನುಗಳಿಗೆ ಸಿಡಿಲು ತಾಗಬಾರದು

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ದಿನಾ ಮೈಸೂರಿನಲ್ಲಿ ನಂಜನಗೂಡು ಬಸ್ಸು ಹತ್ತಿ ಕಡಕೊಳದಲ್ಲಿ ಇಳಿಯುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಕಸೂತಿಯ ಒಂದು ಸಣ್ಣ ಕಾರ್ಖಾನೆ ಇತ್ತು. ಸೀರೆಯ ಸೆರಗು, ಚೂಡಿದಾರದ ಕುತ್ತಿಗೆ, ಶಾಲೆ ಮಕ್ಕಳ ಜೇಬಿನ ಮೇಲಿನ ಗುರುತು ಎಲ್ಲವನ್ನೂ ಮಿಷಿನ್ನೇ ಹೊಲಿಯುತ್ತಿತ್ತು. ನಾವು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಗುಂಡಿ ಒತ್ತಬೇಕು. ನೂಲು ಹರಿದರೆ ಮಿಷಿನ್ನು ತಾನೇ ನಿಂತು ಕೀ ಕೀ ಎಂದು ಕೂಗುತ್ತದೆ. ಆಗ ಓಡಿ ಹೋಗಿ ಪೋಣಿಸಬೇಕು. ಕೆಲಸದವರೆಲ್ಲ ಹೆಂಗಸರೇ.

ಯಜಮಾನರು ಓದಿದವರು, ಮೆದು ಮಾತಿನವರು. ಅವರು ದನಿ ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. 'ಏನಮ್ಮ, ಊಟ ಆಯ್ತಾ' ಎಂದು ಕೇಳುವಾಗಲೂ, ಒಬ್ಬಳನ್ನು ಅಳಿಸುವಾಗಲೂ ಅದೇ ದನಿ.

ನನ್ನ ಪಕ್ಕದ ಮಿಷಿನ್ನಿನಲ್ಲಿ ಇದ್ದವಳು ನನಗಿಂತ ದೊಡ್ಡವಳು. ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ಗಂಡ ದಟ್ಟಗಳ್ಳಿಯ ಹೊಸ ಬಡಾವಣೆಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ನನಗೆ ಕೆಲಸ ಕಲಿಸಿದವಳೂ ಅವಳೇ, ಊಟದ ಹೊತ್ತಿನಲ್ಲಿ ತನ್ನ ಡಬ್ಬಿಯ ಮುದ್ದೆಯನ್ನು ಮುರಿದು ಕೊಡುತ್ತಿದ್ದವಳೂ ಅವಳೇ.

ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಬಂತು. ಬಂದದ್ದು ಉಕ್ಕಿ ಬಂತು. ತಲೆ ಮೇಲಿನ ಟ್ಯೂಬ್‌ಲೈಟು ಬೆಳ್ಳಗೆ ಉರಿದು ಆರಿತು, ಅಕ್ಕನ ಮಿಷಿನ್ನಿನಿಂದ ಸುಟ್ಟ ವಾಸನೆ ಎದ್ದಿತು. ಬೆಂಗಳೂರಿನಿಂದ ಬಂದ ಎಂಜಿನಿಯರು ಮುಚ್ಚಳ ಬಿಚ್ಚಿ ಒಳಗಿನ ಬೋರ್ಡು ಹೋಗಿದೆ ಎಂದರು. 'ಕರೆಂಟು ಹೋದ ತಕ್ಷಣ ಪ್ಲಗ್ಗನ್ನೇ ಕೀಳ್ಬೇಕು, ಸ್ವಿಚ್ ಆರ್ಸಿದ್ರೆ ಸಾಲ್ದು. ವಾಪಸ್ ಬಂದ್ಮೇಲೂ ಸ್ವಲ್ಪ ಹೊತ್ತು ಕಾಯ್ಬೇಕು. ಗುಡುಗು ಸಿಡ್ಲು ಇದ್ರಂತೂ ಅದರ ತಂಟೆಗೇ ಹೋಗ್ಬಾರ್ದು.' ಈ ಮಾತನ್ನು ಅದುವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಯಜಮಾನರು ಅಕ್ಕನ ಕಡೆ ತಿರುಗಿ, 'ಕೇಳಿಸ್ಕೊಂಡ್ಯೇನಮ್ಮ?' ಎಂದರು.

ಹೊಸ ಬೋರ್ಡು ಹೊರದೇಶದಿಂದ ಬರಬೇಕಿತ್ತು. ಅದು ಬರುವವರೆಗೆ ಅಕ್ಕನಿಗೆ ಬೇರೆ ಕೆಲಸ ಕೊಡಲಿಲ್ಲ, ರಜೆಯನ್ನೂ ಕೊಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಸತ್ತ ಮಿಷಿನ್ನಿನ ಮುಂದೆ ಕೈ ಕಟ್ಟಿ ಕೂರಬೇಕು. ದಾರ ಸುತ್ತಲು ಕೈ ಹಾಕಿದರೆ, 'ಬೇಡಮ್ಮ, ನೀನು ಅದನ್ನ ನೋಡ್ತಾ ಇರು' ಎನ್ನುತ್ತಿದ್ದರು. ನಾವೆಲ್ಲ ಕೆಲಸ ಮಾಡುತ್ತಿದ್ದೆವು, ಅವಳು ಕೂತಿರುತ್ತಿದ್ದಳು. ಮೊದಲು ಅಯ್ಯೋ ಅಂದ ಹುಡುಗಿಯರೇ ಆಮೇಲೆ ಅವಳನ್ನು ನೋಡಿ ಮುಸಿಮುಸಿ ನಗತೊಡಗಿದರು.

'ಹೆಣ ಕಾಯಾಕೆ ಕೂರ್ಸವ್ರೆ ಕಣೆ' ಎಂದಳು ಅಕ್ಕ, ಬಸ್ಸಿಗೆ ನಡೆಯುವಾಗ. 'ಅಳಾಕೂ ಬುಡಾಕಿಲ್ಲ.'

ಬೋರ್ಡು ಬಂದು ಅಕ್ಕನ ಮಿಷಿನ್ನು ಮತ್ತೆ ಓಡಿತು. ಆಮೇಲೆ ಮಿಷಿನ್ನುಗಳಿಗೆ ಉಪಚಾರ ಶುರುವಾಯಿತು. ದೊಡ್ಡ ಸ್ಟೆಬಿಲೈಸರ್ ಬಂತು. ಮಿಷಿನ್ನುಗಳಿದ್ದ ಹಾಲಿನ ಹಿಂದೆ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಅರ್ಥಿಂಗ್ ತಂತಿ ಇಳಿಸಿದರು. ಆ ಗುಂಡಿ ಒಣಗಬಾರದೆಂದು ಬೇಸಿಗೆಯಲ್ಲಿ ದಿನವೂ ನೀರು ಹುಯ್ಯಬೇಕಿತ್ತು. ಬೋರ್‌ವೆಲ್ ಬತ್ತಿದ ದಿನಗಳಲ್ಲಿ ನಾವು ಕುಡಿಯಲು ಇಟ್ಟುಕೊಂಡ ಕೊಡವನ್ನೇ ಹೊತ್ತು ಅಲ್ಲಿಗೆ ಹುಯ್ದು ಬರುತ್ತಿದ್ದೆವು.

ನನಗೊಂದು ಹೊಸ ಕೆಲಸ ಬಂತು, ಮೋಡ ನೋಡುವುದು. ನನ್ನ ಪಕ್ಕದ ಕಿಟಕಿಯಲ್ಲಿ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಬೆಟ್ಟದ ನೆತ್ತಿ ಕಪ್ಪಾದರೆ ನಾನು ಕೂಗಬೇಕು. ಎಲ್ಲರೂ ಮಿಷಿನ್ನು ನಿಲ್ಲಿಸಿ, ಪ್ಲಗ್ಗು ಕಿತ್ತು, ಮೇಲೆ ಹೊದಿಕೆ ಹೊದಿಸಿ ಹೊರಗೆ ಬರಬೇಕು. ಯಜಮಾನರು ಹಾಲಿಗೆ ಬೀಗ ಹಾಕುತ್ತಿದ್ದರು. ಕತ್ತಲಲ್ಲಿ ಯಾರಾದರೂ ಅವಸರಪಟ್ಟು ಪ್ಲಗ್ಗು ಸಿಕ್ಕಿಸಿಬಿಟ್ಟರೆ ಎಂದು. ಆಫೀಸಿನ ಮುಂದಿನ ಪೋರ್ಟಿಕೋದಲ್ಲಿ ಅವರ ಕಾರು ನಿಂತಿರುತ್ತಿತ್ತು. ಅದರ ಪಕ್ಕ ನಿಂತರೆ ಗೀರು ಬೀಳುತ್ತದೆ. ಹಾಗಾಗಿ ನಮಗೆ ಉಳಿದದ್ದು ಕಾಂಪೌಂಡಿನ ಮೂಲೆಯಲ್ಲಿದ್ದ ಸೈಕಲ್ ಸ್ಟ್ಯಾಂಡು. ಮೇಲೆ ತಗಡು, ನಾಲ್ಕು ಕಬ್ಬಿಣದ ಕಂಬ, ಪಕ್ಕದಲ್ಲಿ ಒಂದು ಎತ್ತರದ ನೀಲಗಿರಿ ಮರ.

ಮರುವರ್ಷ, ಭರಣಿ ಮಳೆಯ ದಿನಗಳು. ಮಧ್ಯಾಹ್ನ ಕಳೆದಿತ್ತು. ನಾನು ಕೂಗಿದೆ, ಎಲ್ಲರೂ ಪ್ಲಗ್ಗು ಕಿತ್ತು ಹೊರಗೆ ಬಂದೆವು. ಗಾಳಿ ಎದ್ದು ಆಲಿಕಲ್ಲು ತಗಡಿನ ಮೇಲೆ ಬಡಿಯತೊಡಗಿತು. ಮಳೆಯ ಎರಚಲು ತಪ್ಪಿಸಿಕೊಳ್ಳಲು ಒಬ್ಬರಿಗೊಬ್ಬರು ಒತ್ತಿ ನಿಂತೆವು. ಅಕ್ಕ ಹೊರಗಡೆ ಕಂಬದ ಹತ್ತಿರ ಇದ್ದಳು. 'ಒಳಕ್ ಬಾ ಅಕ್ಕ' ಎಂದೆ. 'ನೀನು ನಿಂತ್ಕೊ, ನಂಗೆ ಶೀತ ಆಗಾಕಿಲ್ಲ' ಎಂದಳು.

ಸಿಡಿಲು ಮರಕ್ಕೆ ಬಿತ್ತು. ನನಗೆ ಸದ್ದಿನ ನೆನಪಿಲ್ಲ, ಬೆಳಕಿನ ನೆನಪಿದೆ. ಕಣ್ಣು ಬಿಟ್ಟಾಗ ಕೆಸರಿನಲ್ಲಿ ಬಿದ್ದಿದ್ದೆ, ಕಾಲು ಜೋಮು ಹಿಡಿದಿತ್ತು. ಉಳಿದವರು ಎದ್ದು ಕಿರುಚುತ್ತಿದ್ದರು. ಅಕ್ಕ ಏಳಲಿಲ್ಲ. ಅವಳ ಕಾಲಿನ ಮೇಲೆ ಸುಟ್ಟ ಗೆರೆ, ಎರಡೂ ಕಿವಿಯಿಂದ ರಕ್ತ.

ಯಜಮಾನರು ಆಫೀಸಿನಿಂದ ಕೊಡೆ ಹಿಡಿದು ಬಂದರು. ನಮ್ಮನ್ನು ದಾಟಿ ಹೋಗಿ ಹಾಲಿನ ಬೀಗ ತೆಗೆದರು. ಮಳೆ ಇಳಿಯುವವರೆಗೆ ಒಳಗೇ ನಿಂತು, ಆಮೇಲೆ ಒಂದೊಂದೇ ಪ್ಲಗ್ಗು ಸಿಕ್ಕಿಸಿ, ಒಂದೊಂದೇ ಮಿಷಿನ್ನಿನ ಪರದೆ ಬೆಳಗುವುದನ್ನು ನೋಡಿದರು. ಅಷ್ಟು ಹೊತ್ತೂ ನಾನು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೊನೆಗೆ ಅವರು ಬಾಗಿಲಿಗೆ ಬಂದು, 'ದೇವರು ದೊಡ್ಡೋನು, ಯಾವುದಕ್ಕೂ ಏನೂ ಆಗಿಲ್ಲ' ಎಂದರು.

'ಅಕ್ಕಂಗೆ ಎಚ್ಚರ ಇಲ್ಲ ಸಾರ್' ಎಂದೆ.

ಬಟ್ಟೆ ಸಾಗಿಸುವ ಲಗೇಜ್ ಆಟೋ ತರಿಸಿದರು. ಮಾರನೆಯ ದಿನ ಅದರಲ್ಲೇ ಸೀರೆ ಹೋಗಬೇಕಾಗಿತ್ತು. ಆದ್ದರಿಂದ ಅಕ್ಕನನ್ನು ಮಲಗಿಸುವ ಮೊದಲು ಪ್ಲಾಸ್ಟಿಕ್ ಹಾಸಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬಂತು. ಕಾಲಿನ ಗಾಯ ಮಾಯಿತು. ಕಿವಿಯ ತಮಟೆ ಎರಡೂ ಹರಿದಿದ್ದವು. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಅಷ್ಟಿಷ್ಟು ಕೇಳುತ್ತಿತ್ತು. ಆದರೂ ಅವಳು ಕೆಲಸಕ್ಕೆ ವಾಪಸ್ಸು ಬಂದಳು. ನೂಲು ಹರಿದು ಅವಳ ಮಿಷಿನ್ನು ಕೂಗಿದಾಗ ನಾನು ಮೊಣಕೈಯಲ್ಲಿ ತಿವಿಯುತ್ತಿದ್ದೆ. ಅವಳು ತಟಕ್ಕನೆ ತಿರುಗಿ ಪೋಣಿಸುತ್ತಿದ್ದಳು. ಹಾಗೆ ಕೆಲವು ವಾರ ನಡೆಯಿತು.

ಒಂದು ದಿನ ಬೆಳಿಗ್ಗೆ ಯಜಮಾನರು ನನ್ನನ್ನು ಅಕ್ಕನ ಪಕ್ಕದಿಂದ ಎಬ್ಬಿಸಿ, ಆಚೆ ಗೋಡೆಯ ಕಿಟಕಿಯ ಹತ್ತಿರ ಹೋಗಿ ನಿಲ್ಲಲು ಹೇಳಿದರು. ಅಕ್ಕ ಬೆನ್ನು ಮಾಡಿಕೊಂಡು ಮುಂದಿನ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುತ್ತಿದ್ದಳು. ಅವರು ಒಂದು ಕತ್ತರಿ ತೆಗೆದುಕೊಂಡು, ಓಡುತ್ತಿದ್ದ ಅವಳ ಮಿಷಿನ್ನಿನ ನೂಲನ್ನು ಕತ್ತರಿಸಿ, ಪಕ್ಕಕ್ಕೆ ಸರಿದು ನಿಂತರು. ಮಿಷಿನ್ನು ಕೂಗತೊಡಗಿತು. ಉಳಿದ ಮಿಷಿನ್ನುಗಳನ್ನು ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ಇಡೀ ಹಾಲಿನಲ್ಲಿ ಅದೊಂದೇ ಸದ್ದು. ಅಕ್ಕ ತನ್ನ ಪಾಡಿಗೆ ಬಟ್ಟೆಯ ಸುಕ್ಕು ಎಳೆಯುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆ ನಗು ಕೇಳಿ ಇನ್ನೊಬ್ಬಳೂ ನಕ್ಕಳು.

ಬಿಗಿದು ಮುಗಿಸಿ ತಿರುಗಿದಾಗ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು. ಯಜಮಾನರು ಎಂದಿನ ಮೆದು ದನಿಯಲ್ಲಿ, 'ನಿನಗೇ ಕಷ್ಟ ಅಲ್ವೇನಮ್ಮ, ನಾಳೆಯಿಂದ ಬರೋದು ಬೇಡ' ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅಕ್ಕ ಏನೋ ಒಳ್ಳೆಯ ಮಾತೆಂದುಕೊಂಡು ನಕ್ಕು, ಕೈ ಮುಗಿದು, 'ಆಯ್ತು ಸಾರ್' ಎಂದಳು. ಆಮೇಲೆ ನನ್ನ ಕಡೆ ನೋಡಿ, 'ಏನಂದ್ರು ಕಣೆ?' ಎಂದು ಕೇಳಿದಳು.

'ಹೇಳಮ್ಮ ಅವಳಿಗೆ' ಎಂದರು ಯಜಮಾನರು.

ನಾನು ಹತ್ತಿರ ಹೋಗಿ ಬಲಗಿವಿಯಲ್ಲಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಇಡೀ ಹಾಲಿಗೆ ಕೇಳುವಂತೆ, 'ನಾಳೆಯಿಂದ ಬರ್ಬೇಡ ಅಂತಾವ್ರೆ ಅಕ್ಕ' ಎಂದು ಕೂಗಬೇಕಾಯಿತು. ಅವಳ ನಗು ತುಟಿಯ ಮೇಲೇ ಸ್ವಲ್ಪ ಹೊತ್ತು ಇತ್ತು. ಕುತ್ತಿಗೆಗೆ ಕಟ್ಟಿಕೊಂಡಿದ್ದ ಪುಟ್ಟ ಕತ್ತರಿ ಬಿಚ್ಚಿ ಮಿಷಿನ್ನಿನ ಮೇಲಿಟ್ಟು, ಊಟದ ಡಬ್ಬಿ ಹಿಡಿದು ಹೊರಟಳು.

ಆಮೇಲೆ ಅವಳು ಮನೆಯಲ್ಲೇ ಊದುಬತ್ತಿ ಹೊಸೆಯತೊಡಗಿದಳು. ನಾನು ನೋಡಲು ಹೋದಾಗ ಗಂಡ ಅವಳ ಎದುರಿಗೇ, 'ಕಿವುಡಿನ ಕಟ್ಕೊಂಡು ಇನ್ನೆಷ್ಟ್ ದಿನ ಏಗೋದು, ನೀನೇ ಹೇಳವ್ವ' ಎಂದ. ಅವಳು ಮಣೆಯ ಮೇಲೆ ಹಿಟ್ಟು ಹೊಸೆಯುತ್ತಾ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದಳು. 'ಗುಡುಗು ಈಗ ಕೇಳ್ಸಾಕಿಲ್ಲ ಕಣೆ. ನೆಲ ನಡುಗ್ದಾಗ ಎದ್ದು ಕೂತ್ಕೊತೀನಿ' ಎಂದಳು.

ಮುಂದಿನ ವರ್ಷದ ಮಳೆಯ ಹೊತ್ತಿಗೆ ಹಾಲಿನ ಮಾಡಿನ ಮೇಲೆ ಸಿಡಿಲು ತಡೆಯುವ ತಾಮ್ರದ ಸಲಾಕೆ ನಿಂತಿತ್ತು. ಸೈಕಲ್ ಸ್ಟ್ಯಾಂಡು ಹೇಗಿತ್ತೋ ಹಾಗೇ ಇತ್ತು. ಮೊದಲ ಗುಡುಗಿಗೆ ಎಲ್ಲರೂ ಪ್ಲಗ್ಗು ಕಿತ್ತರು, ಆದರೆ ಯಾರೂ ಹೊರಗೆ ಹೋಗಲಿಲ್ಲ. ಅಕ್ಕನನ್ನು ನೋಡಿ ನಕ್ಕವರೂ ಮಿಷಿನ್ನುಗಳ ನಡುವೆ ನೆಲದ ಮೇಲೆ ಕೂತುಬಿಟ್ಟರು.

'ನಾವು ಇಲ್ಲೇ ಇರ್ತೀವಿ ಸಾರ್' ಎಂದೆ.

ಯಜಮಾನರು ಸ್ವಲ್ಪ ಯೋಚಿಸಿದರು. 'ಇರಿ ಅದಕ್ಕೇನಂತೆ, ಏನೂ ಮುಟ್ಬೇಡಿ' ಎಂದರು. ಮೇನ್ ಸ್ವಿಚ್ಚು ಆರಿಸಿ, ಬಾಗಿಲೆಳೆದುಕೊಂಡು, ಹೊರಗಿನಿಂದ ಬೀಗ ಹಾಕಿಕೊಂಡು ಹೋದರು.